ಅಳತೆಗೆ ನಿಲ್ಲಿಸಿದ ಮನುಷ್ಯ

ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ನಾನೂ ಅಣ್ಣನೂ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಒಂದು ಮಧ್ಯಾಹ್ನ ಲೈಬ್ರರಿಯಿಂದ ಭೂಮಿಯ ಬೆಟ್ಟ, ಕಣಿವೆ, ಗುಹೆಗಳ ದಪ್ಪನೆಯ ಸಚಿತ್ರ ಪುಸ್ತಕ ಬಂತು. ಒಂದು ಪುಟದ ತುಂಬ ಆಳವಾದ ಗುಹೆ. ಅದರ ಬಾಯಿಂದ ತಳದವರೆಗೂ ಇಳಿಬಿಟ್ಟ ಹಗ್ಗ. ಗುಹೆ ಎಷ್ಟು ಆಳವೆಂದು ತಿಳಿಯಲಿ ಎಂದು ತಳದಲ್ಲಿ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯನನ್ನು ಬರೆದಿದ್ದರು. ಅವನು ಹಗ್ಗ ಹಿಡಿದು ಮೇಲೆ ನೋಡುತ್ತಿದ್ದ.

ಪುಟಗಳ ಅಂಚು ಸಮ ಮಾಡುವಾಗ ನನ್ನ ಕೈ ತಪ್ಪಿತು. ಬ್ಲೇಡು ಅರ್ಧ ಅಂಗುಲ ಒಳಗೆ ಹೋಗಿ, ಆ ಮನುಷ್ಯನಿದ್ದ ಪಟ್ಟಿ ಚೂರುಗಳ ಚೀಲಕ್ಕೆ ಬಿತ್ತು. ಅಣ್ಣನಿಗೆ ಹೇಳದೆ ಕೆಲಸ ಮುಂದುವರಿಸಿದೆ.

ಸ್ವಲ್ಪ ಹೊತ್ತಿಗೆ ಆ ಪುಟದಿಂದ ತಣ್ಣನೆಯ ಗಾಳಿ ಕೈಗೆ ತಾಗಿತು. ಫ್ಯಾನು ನಿಂತಿತ್ತು. ಆಮೇಲೆ ಚೀಲದೊಳಗಿಂದ ಟಕ್, ಟಕ್, ಟಕ್ ಎಂದು, ಕಲ್ಲಿಗೆ ಕಲ್ಲು ಕುಟ್ಟಿದ ಹಾಗೆ ಸದ್ದು.

“ಅಣ್ಣಾ, ಕೇಳಿಸ್ತಾ?”

“ಇಲಿ ಕಣೋ. ಅಂಟು ಆರಿಹೋಗ್ತಿದೆ, ಆ ಚೂರನ್ನೆಲ್ಲ ಒಲೆಗೆ ಹಾಕು.”

ಅಂಟು ಕಾಯಿಸಲು ನಾವು ಉರಿಸುವುದು ಆ ಚೂರುಗಳನ್ನೇ. ತಪ್ಪು ಒಪ್ಪಿಕೊಂಡರೆ ಬೈಗುಳ ಗ್ಯಾರಂಟಿ ಎಂದು ಸುಮ್ಮನೆ ಎಲ್ಲವನ್ನೂ ಒಲೆಗೆ ಸುರಿದೆ. ಸದ್ದು ಜೋರಾಯಿತು, ಆಮೇಲೆ ನಿಂತಿತು. ಅಣ್ಣ ಒಲೆಯತ್ತ ನೋಡಿದ, ಅಂಟಿನ ಪಾತ್ರೆಯನ್ನು ಅದರ ಮೇಲಿಟ್ಟ.

ರಟ್ಟು ಅಂಟಿಸುವ ಮುಂಚೆ ಆ ಪುಟವನ್ನು ಮತ್ತೆ ತೆರೆದೆ. ಗುಹೆಯೊಳಗೆ ಹಗ್ಗವಿರಲಿಲ್ಲ. ಅದು ಮೇಲೆ, ಗುಹೆಯ ಬಾಯ ಪಕ್ಕದಲ್ಲಿ, ಯಾರೋ ಎಳೆದುಕೊಂಡು ಅಚ್ಚುಕಟ್ಟಾಗಿ ಸುತ್ತಿಟ್ಟ ಹಾಗೆ ಇತ್ತು. ಬೆರಳಿಟ್ಟು ನೋಡಿದೆ.

ಒದ್ದೆಯಾಗಿತ್ತು.