ಗ್ರಾಫಿಕ್ಸ್ ಕಾರ್ಡಿನ ಡಬ್ಬದಲ್ಲಿ ಅರ್ಧ ಇಟ್ಟಿಗೆ

ಡಬ್ಬದೊಳಗಿಂದ ಹೊರಬಂದದ್ದು ಅರ್ಧ ಇಟ್ಟಿಗೆ.

ಹಳೇ ಪೇಪರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿದ್ದ ಇಟ್ಟಿಗೆ. ಮೌನೇಶ ಅದನ್ನು ತಿರುಗಿಸಿ ನೋಡಿದ. ಡಬ್ಬವನ್ನು ತಲೆಕೆಳಗು ಮಾಡಿ ಕೊಡವಿದ. ಒಂದಿಷ್ಟು ಇಟ್ಟಿಗೆ ಪುಡಿ ಉದುರಿತು, ಅಷ್ಟೇ. ಭಾನುವಾರ ಸಂಜೆ ಆರು ಗಂಟೆ ಐದು ನಿಮಿಷ. ರಾಹುಕಾಲ ಮುಗಿಯಲೆಂದು ಕಾದು, ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿನ ಪಕ್ಕದ ಮುಚ್ಚಳವನ್ನೂ ಬಿಚ್ಚಿಟ್ಟುಕೊಂಡು ತೆರೆದ ಡಬ್ಬ ಅದು.

"ಕಾರ್ಡ್ ಎಲ್ಲೈತಿ, ನರೇಂದ್ರ?"

ಗುರು ಅನ್ನಲಿಲ್ಲ, ಮಗಾ ಅನ್ನಲಿಲ್ಲ. ಬೆಂಗಳೂರಿಗೆ ಬಂದು ಆರು ವರ್ಷವಾದ ಮೇಲೆ ಮೌನೇಶ ನಮ್ಮ ಹಾಗೇ ಮಾತಾಡುತ್ತಾನೆ. ಸಿಟ್ಟು ಬಂದರೆ ಮಾತ್ರ ಸಿಂಧನೂರಿನ ಮಾತು ವಾಪಸ್ ಬರುತ್ತದೆ.

"ನನ್ನನ್ಯಾಕೆ ಕೇಳ್ತೀಯ?"

"ಮತ್ತ್ಯಾರನ್ನ ಕೇಳ್ಲಿ? ಇಡೀ ದಿನ ರೂಮಿನ್ಯಾಗ ಇದ್ದವ ನೀನು. ಹೊಟ್ಟೆಕಿಚ್ಚು ಪಟ್ಟವನೂ ನೀನೇ."

ಎರಡನೆಯ ಮಾತು ನಿಜವಾಗಿತ್ತು.

ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಆಟ ಸರಾಗವಾಗಿ ಓಡಿಸುವ ಆ ಗ್ರಾಫಿಕ್ಸ್ ಕಾರ್ಡನ್ನು ಹುಡುಕಿದವನು ನಾನು. ಮೂರು ತಿಂಗಳು ಕಣ್ಣು ಕೆಂಪಾಗುವವರೆಗೆ ವಿಡಿಯೋ ನೋಡಿದ್ದೆ. ನನ್ನ ಬಜೆಟ್ಟಿನಲ್ಲಿ ಹೊಸದು ಕೊಂಡರೆ ಮೆಮೊರಿ ಸಾಲದು. ಮೆಮೊರಿ ಇರುವುದನ್ನು ಕೊಂಡರೆ ಪವರ್ ಸಪ್ಲೈ ಬದಲಿಸಬೇಕು. ಉದ್ದ ಹೆಚ್ಚಿದರೆ ಕ್ಯಾಬಿನೆಟ್ಟಿನ ಮುಚ್ಚಳ ಹಾಕಲಾಗದು. ಇದನ್ನೆಲ್ಲ ಅಳೆದೂ ಸುರಿದೂ ಕೊನೆಗೆ ಬೇಗೂರಿನ ಒಬ್ಬರು ಮಾರಾಟಕ್ಕಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಕಾರ್ಡ್ ಕಣ್ಣಿಗೆ ಬಿದ್ದಿತ್ತು. ಎಂಟು ಜಿಬಿ, ಎರಡು ಫ್ಯಾನು, ಇನ್ನೂ ವಾರಂಟಿ. ಆ ಬೆಲೆಗೆ ಅದೊಂದೇ ಇದ್ದದ್ದು. ಹತ್ತು ದಿನ ಕಳೆದರೆ ಸಂಬಳ. ಅಷ್ಟರಲ್ಲಿ ಬಾಯಿ ಸುಮ್ಮನಿರದೆ ಮೌನೇಶನಿಗೆ ತೋರಿಸಿ ಜಂಬ ಕೊಚ್ಚಿಕೊಂಡೆ.

ಶನಿವಾರ ಸಂಜೆ ಅವನು ಬೇಗೂರಿಗೆ ಹೋಗಿ ಅದನ್ನೇ ತಂದ. ಅಲ್ಲೇ ಹಾಕಿಸಿ, ಆಟ ಓಡಿಸಿ, ಕಣ್ಣೆದುರಿಗೇ ಪ್ಯಾಕ್ ಮಾಡಿಸಿಕೊಂಡು ಬಂದಿದ್ದ. "ನೀನು ನೋಡಿದ್ದು ಅಂದ್ರೆ ಒಳ್ಳೇದೇ ಇರುತ್ತೆ ಬಿಡು ಗುರು," ಎಂದು ನಕ್ಕ. ನಾನೂ ನಕ್ಕೆ. ಆ ರಾತ್ರಿ ಡಬ್ಬದ ಕಡೆ ಬೆನ್ನು ಮಾಡಿ ಮಲಗಿದೆ.

"ನಿನ್ನ ಬ್ಯಾಗ್ ತುಂಬ್ಕೋ," ಎಂದ ಮೌನೇಶ ಈಗ. "ಒಂದು ತಾಸಿನ್ಯಾಗ ಕಾರ್ಡ್ ಸಿಗ್ಲಿಲ್ಲ ಅಂದ್ರ ನೀನು ಈ ರೂಮಿನ್ಯಾಗ ಇರಬಾರ್ದು."

ಮೂಲೆಯ ಮಂಚದ ಮೇಲೆ ಕೂತಿದ್ದ ಮುತ್ತುರಾಜ ಮಾತ್ರ ಸಮಾಧಾನ ಹೇಳಿದ. "ಹೋಗ್ಲಿ ಬಿಡಲೇ ಮೌನ್ಯಾ. ಪಾಪ, ಆಸೆ ಬಿದ್ದಾನ. ಯಾರಿಗಿರಂಗಿಲ್ಲ ಆಸೆ?"

ಮುತ್ತುರಾಜ ಮೌನೇಶನ ಊರಿನವನೇ. ಒಂದೇ ಶಾಲೆ, ಈಗ ಒಂದೇ ಆಫೀಸು. ಅವನಿಗೆ ಕಂಪ್ಯೂಟರೂ ಇಲ್ಲ, ಆಟದ ಹುಚ್ಚೂ ಇಲ್ಲ. ಶನಿವಾರ ತಪ್ಪದೆ ರಾಗಿಗುಡ್ಡದ ಆಂಜನೇಯನ ದರ್ಶನ, ಊರಿಂದ ಬಂದ ಜೋಳದ ರೊಟ್ಟಿ, ಫೋನಿನಲ್ಲಿ ಹಳೇ ಹಾಡು. ಇಷ್ಟೇ ಅವನ ಲೋಕ ಎಂದು ನಾನು ತಿಳಿದಿದ್ದೆ.

ನಮ್ಮ ಮನೆ ಇರುವುದು ಶ್ರೀನಗರದಲ್ಲಿ. ಅಣ್ಣನ ಮದುವೆಯಾದ ಮೇಲೆ ಅಲ್ಲಿ ಮಲಗಲು ಜಾಗ ಸಾಲದೆ ಬಿಟಿಎಂನ ಈ ರೂಮಿಗೆ ಬಂದವನು. ಎಲ್ಲಿಗೆ ಅಂತ ವಾಪಸ್ ಹೋಗಲಿ? ಕಳ್ಳ ಅನ್ನಿಸಿಕೊಂಡು ಹೋಗಲೇ? ಬ್ಯಾಗಿಗೆ ಎರಡು ಅಂಗಿ ತುರುಕಿ ಬಾಗಿಲ ಹತ್ತಿರ ಇಟ್ಟೆ.

"ಏನ್ರಪ್ಪಾ ಗಲಾಟೆ? ಬೀದಿಗೆಲ್ಲಾ ಕೇಳಿಸ್ತಿದೆ!"

ಬಾಗಿಲಲ್ಲಿ ಮನೆ ಓನರ್ ನಾಗಲಕ್ಷ್ಮಮ್ಮ. ಜಯನಗರದ ಪೋಸ್ಟಾಫೀಸಿನ ಪಾರ್ಸಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ರಿಟೈರಾದವರು. ಕಂಪ್ಯೂಟರಿನ ಗಂಧವಿಲ್ಲ, ಆದರೆ ಯಾವ ಕಟ್ಟು ಕಂಡರೂ ಮುಟ್ಟಿ ನೋಡದೆ ಬಿಡುವವರಲ್ಲ.

ಮೌನೇಶ ಎಲ್ಲವನ್ನೂ ಹೇಳಿದ. ಅವರು ಕನ್ನಡಕ ಏರಿಸಿ ಇಟ್ಟಿಗೆಯನ್ನು ಕೈಗೆತ್ತಿಕೊಂಡರು. ಅದರ ಒಂದು ಅಂಚಿಗೆ ನೀಲಿ ಬಣ್ಣ ಮೆತ್ತಿತ್ತು.

"ಬೇಗೂರಿನವನನ್ನ ಬೈಯಬೇಡಿ. ಇದು ನನ್ನ ಇಟ್ಟಿಗೆ, ಈ ನೀಲಿ ಬಣ್ಣವೇ ಗುರುತು. ಸಂಪಿನ ಮುಚ್ಚಳದ ಮೇಲೆ ಇಟ್ಟಿದ್ದೆ. ಇವತ್ತು ಬೆಳಗ್ಗೆ ನೀರು ಬಿಟ್ಟಾಗ ಅಲ್ಲೇ ಇತ್ತು. ಒಂದು ಗಂಟೆಗೆ ನೋಡಿದ್ರೆ ಇಲ್ಲ."

"ಅಂದ್ರ ಕದ್ದದ್ದು ಇವತ್ತೇ, ಇದೇ ಮನ್ಯಾಗ!" ಮೌನೇಶ ನನ್ನನ್ನು ನುಂಗುವ ಹಾಗೆ ನೋಡಿದ.

"ತಡಿಯಪ್ಪ. ನೀನೆಲ್ಲಿದ್ದೆ?"

"ಇಟ್ಟಮಡುಗೆ ಹೋಗಿದ್ದೆ ರೀ ಅಮ್ಮಾ. ಈ ಕಾರ್ಡಿಗೆ ನನ್ನ ಪವರ್ ಸಪ್ಲೈ ಸಾಲಂಗಿಲ್ಲ, ದೊಡ್ಡದು ಬೇಕು ಅಂತ ಇವನೇ ಹೇಳಿದ್ದ. ಗೆಳೆಯನ ಕಡೆ ಒಂದಿತ್ತು. ಹತ್ತಕ್ಕೆ ಹೋಗಿ ಐದಕ್ಕೆ ಬಂದೆ."

"ನರೇಂದ್ರ?"

"ರೂಮಲ್ಲೇ ಇದ್ದೆ ಆಂಟಿ. ಹನ್ನೆರಡು ಗಂಟೆಗೆ ಟೆರೇಸಲ್ಲಿ ಬಟ್ಟೆ ಒಗೆದು ಹಾಕ್ದೆ. ಮುಕ್ಕಾಲು ಗಂಟೆ ಆಗಿರ್ಬೋದು."

"ಮುತ್ತುರಾಜ?"

"ಮಲ್ಕೊಂಡಿದ್ದೆ ರೀ. ನೈಟ್ ಶಿಫ್ಟ್ ಮಾಡಿ ಬಂದಿದ್ದೆ."

"ಇವನ ಹತ್ರ ಕಂಪ್ಯೂಟರೇ ಇಲ್ಲ ಬಿಡ್ರಿ ಅಮ್ಮಾ," ಎಂದ ಮೌನೇಶ. "ಕಾರ್ಡ್ ತಗೊಂಡು ಉಪ್ಪಿನಕಾಯಿ ಹಾಕ್ಬೇಕೇನು?"

ನಾಗಲಕ್ಷ್ಮಮ್ಮ ಖಾಲಿ ಡಬ್ಬವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಮುಚ್ಚಳದ ಬಾಯಿಯ ಮೇಲೆ ಒಂದು ಬೊಟ್ಟು. ಶನಿವಾರ ಮೌನೇಶ ಡಬ್ಬ ಹಿಡಿದು ಗೇಟು ದಾಟುವಾಗ ಇವರೇ ತಡೆದಿದ್ದರು. ಶನಿವಾರ ಯಾರಾದರೂ ಕಬ್ಬಿಣದ ಸಾಮಾನು ಮನೆಗೆ ತರುತ್ತಾರೆಯೇ? ಬೈದು, ನಾಳೆ ರಾಹುಕಾಲ ಕಳೆಯುವವರೆಗೆ ಬಿಚ್ಚಕೂಡದೆಂದು ಹೇಳಿ, ಮುಚ್ಚಳದ ಎರಡು ಅಂಚು ಸೇರುವ ಜಾಗಕ್ಕೇ ಅರಿಶಿನ ಕುಂಕುಮ ಹಚ್ಚಿ ಕಳಿಸಿದ್ದರು.

"ಈಗ ಡಬ್ಬ ತೆಗೆಯೋವಾಗ ಬೊಟ್ಟು ಹೇಗಿತ್ತು, ಮೌನೇಶ?"

"ಹಂಗೇ ಇತ್ತು ರೀ. ನಾನು ಅಂಚಿನ ಕಡೆಯಿಂದ ಬ್ಲೇಡ್ ಹಾಕಿದೆ."

ಅವರು ಬೊಟ್ಟನ್ನು ಉಗುರಿನಿಂದ ಕೆರೆದರು. ಬೆರಳನ್ನು ಮೂಗಿನ ಹತ್ತಿರ ತಂದರು. ಆಮೇಲೆ ಕೇಳಿದರು—

"ನಿಮ್ಮ ರೂಮಲ್ಲಿ ಕುಂಕುಮ ಇದೆಯೇನ್ರೋ?"

ಮೂವರೂ ಮುಖ ಮುಖ ನೋಡಿಕೊಂಡೆವು.

"ಇಲ್ರಿ. ಊದಿನಕಡ್ಡಿ, ಬೆಂಕಿಪೆಟ್ಟಿಗೆ, ಅಷ್ಟೇ," ಎಂದ ಮೌನೇಶ.

"ಯಾರಾದ್ರೂ ಬಂದು ನನ್ನ ಕೇಳಿದ್ರೆ ಕೊಡ್ತಿದ್ದೆ. ಕೇಳ್ಲಿಲ್ಲ. ಕೇಳೋ ಹಾಗೂ ಇರ್ಲಿಲ್ಲ." ಅವರು ಮುತ್ತುರಾಜನ ಕಡೆ ತಿರುಗಿದರು. "ನಿನ್ನ ಪರ್ಸ್ ಕೊಡಪ್ಪ."

"ನನ್ನದ್ಯಾಕ್ರಿ ಅಮ್ಮಾ?"

"ಕೊಡು."

ಪರ್ಸಿನ ಒಳಜೇಬಿನಲ್ಲಿ ಮಡಿಸಿದ ಕಾಗದದ ಪೊಟ್ಟಣ. ನಾಗಲಕ್ಷ್ಮಮ್ಮ ಬಿಚ್ಚಿದರು. ಒಳಗೆ ಕೇಸರಿ ಬಣ್ಣದ, ಎಣ್ಣೆಯಲ್ಲಿ ಕಲಸಿದ ಸಿಂಧೂರ. ಮಧ್ಯದಲ್ಲಿ ಬೆರಳು ಒತ್ತಿದ ಗುಳಿ.

"ಹನುಮಪ್ಪನ ಸಿಂಧೂರ ರೀ ಅದು. ನಿನ್ನೆ ಗುಡಿಯಿಂದ ತಂದದ್ದು. ಪ್ರಸಾದ," ಎಂದ ಅವನು. ದನಿ ಸಣ್ಣಗಾಗಿತ್ತು.

"ಪ್ರಸಾದ ಅಂತ ನನಗೂ ಗೊತ್ತು. ಡಬ್ಬದ ಮೇಲೆ ಇರೋದೂ ಇದೇ."

ನಾಗಲಕ್ಷ್ಮಮ್ಮ ಮಂಚದ ಅಂಚಿನಲ್ಲಿ ಕೂತು ನಿಧಾನವಾಗಿ ಹೇಳಿದರು.

"ಪಾರ್ಸಲ್ ನೋಡೋವಾಗ ನಾನು ಮೊದಲು ನೋಡ್ತಿದ್ದದ್ದು ಅರಗಿನ ಮುದ್ರೆ. ಯಾರೇ ಬಿಚ್ಚಿದ್ರೂ ಅದು ಒಡೆಯುತ್ತೆ. ನಾನು ಹಚ್ಚಿದ ಅರಿಶಿನ ಒಣಗಿ ಆ ಮುದ್ರೆಯ ಹಾಗೇ ಕೂತಿತ್ತು. ಕಳ್ಳ ಡಬ್ಬ ತೆಗೆದಾಗ ಎರಡು ಹೋಳಾಯ್ತು. ನೋಡಿ, ಮುಚ್ಚಳದ ಒಳಗಡೆ ಅರಿಶಿನದ ಚಕ್ಕೆ ಇನ್ನೂ ಇದೆ. ಅವನಿಗೆ ಗಾಬರಿ ಆಯ್ತು, ಕೆರೆದು ಹೊಸ ಬೊಟ್ಟು ಇಟ್ಟ. ಆದ್ರೆ ಕೆಳಗೆ ಅರಿಶಿನ ಇಲ್ಲ. ಅರಿಶಿನ ಬಿಟ್ಟು ಬರೀ ಕುಂಕುಮ ನಾನ್ಯಾವತ್ತೂ ಇಟ್ಟವಳಲ್ಲ. ಇನ್ನೂ ಒಂದು. ನೀರಲ್ಲಿ ಕಲಸಿದ್ದು ಒಣಗಿ ಉದುರುತ್ತೆ, ಇದು ರಟ್ಟಿನೊಳಗೆ ಇಳಿದು ಸುತ್ತಲೂ ಎಣ್ಣೆ ಕಲೆ ಮಾಡಿದೆ. ಕುಂಕುಮವೇ ಇಲ್ಲದ ರೂಮಲ್ಲಿ ಕೈಗೆ ಸಿಕ್ಕಿದ್ದು ಇದೊಂದೇ. ಶನಿವಾರ ಆಂಜನೇಯನ ಗುಡಿಗೆ ಹೋಗೋನು ನಿಮ್ಮಲ್ಲಿ ಯಾರು?"

"ಆದ್ರ... ಯಾಕ?" ಮೌನೇಶನಿಗೆ ನಂಬಿಕೆ ಬರಲಿಲ್ಲ. "ಅವನಿಗೆ ಆ ಕಾರ್ಡ್ ಯಾಕ ಬೇಕ್ರಿ?"

"ಅವನಿಗೆ ಕಾರ್ಡ್ ಬೇಕಿರ್ಲಿಲ್ಲ ಕಣಪ್ಪ. ನೀನು ಬೇಕಿದ್ದೆ. ಮೂರು ತಿಂಗಳಿಂದ ನೀನೂ ನರೇಂದ್ರನೂ ತಲೆಗೆ ತಲೆ ಕೊಟ್ಟು ಕೂತಿದ್ದೀರಿ. ಅಷ್ಟು ಜಿಬಿ, ಇಷ್ಟು ವ್ಯಾಟು. ಊಟಕ್ಕೆ ಕರೆದ್ರೆ ಆಮೇಲೆ ಅಂತೀರಿ. ಇವನು ಒಬ್ಬನೇ ಬಂದು ನನ್ನ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂತಾನೆ. ಕಾರ್ಡ್ ಹೋದ್ರೆ ಅದನ್ನ ಆರಿಸಿಕೊಟ್ಟವನೂ ಹೋಗ್ತಾನೆ ಅಂದ್ಕೊಂಡ. ಹೌದೇನೋ, ಮುತ್ತುರಾಜ?"

ಮುತ್ತುರಾಜ ಎದ್ದ. ಮಂಚದ ಕೆಳಗಿನ ತಗಡಿನ ಟ್ರಂಕ್ ಎಳೆದ. ರೊಟ್ಟಿಯ ಗಂಟಿನ ಕೆಳಗಿಂದ, ತೊಳೆದ ಬಿಳಿ ಪಂಚೆಯಲ್ಲಿ ಸುತ್ತಿದ ಕಾರ್ಡನ್ನು ತೆಗೆದು ನನ್ನ ಕೈಗೆ ಕೊಟ್ಟ. ಒಂದು ಗೀರೂ ಬಿದ್ದಿರಲಿಲ್ಲ.

"ಆರು ವರ್ಷದಾಗ ಒಂದು ಭಾನುವಾರನೂ ನನ್ನ ಬಿಟ್ಟು ಉಂಡವ ಅಲ್ಲ ಅಂವ," ಎಂದ ನನಗೆ. "ನೀ ಬಂದಿ."

ಅಷ್ಟು ಹೇಳಿ, ತನ್ನ ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಮೌನೇಶ ಚಪ್ಪಲಿ ಕೂಡ ಮೆಟ್ಟದೆ ಓಡಿದ. "ಲೇ ಮುತ್ತು! ನಿಂದರಲೇ! ಎಲ್ಲಿಗೆ ಹೊಂಟಿ?" ಗೇಟಿನ ಹತ್ತಿರ ಅವನ ದನಿ ಒಡೆದದ್ದು ಇಲ್ಲಿಯವರೆಗೆ ಕೇಳಿಸಿತು.

ಮೂರು ತಿಂಗಳು ಆಸೆಪಟ್ಟ ಕಾರ್ಡ್ ನನ್ನ ಕೈಯಲ್ಲೇ ಇತ್ತು. ಅದರ ಮೇಲೆ ನನಗೆ ಕಣ್ಣೇ ಇರಲಿಲ್ಲ. ಕದಿಯದ ನನಗೆ ಬ್ಯಾಗ್ ತುಂಬಿಕೋ ಎಂದವನು, ಕದ್ದವನ ಹಿಂದೆ ಬರಿಗಾಲಲ್ಲಿ ಓಡಿದ್ದ. ನಿನ್ನೆ ಪಟ್ಟದ್ದು ಏನೂ ಅಲ್ಲ. ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಗೊತ್ತಾದದ್ದು ಆಗ.

"ಅದನ್ನ ಹಾಕೋಕೆ ನಿನಗೆ ಬರುತ್ತಲ್ವಾ?" ಎಂದರು ನಾಗಲಕ್ಷ್ಮಮ್ಮ.

"ಬರುತ್ತೆ ಆಂಟಿ."

"ಹಾಗಾದ್ರೆ ಹಾಕು."

ಹಾಕಿದೆ. ಇಟ್ಟಮಡುವಿನ ಪವರ್ ಸಪ್ಲೈ ಕೂರಿಸಿ, ವೈರ್ ಚುಚ್ಚಿ, ಸ್ವಿಚ್ ಒತ್ತಿದೆ. ಎರಡೂ ಫ್ಯಾನು ತಿರುಗಿದವು. ಪರದೆ ಬೆಳಗಿತು. ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಸದ್ದು ಕೇಳಿಸಿತು.

ಮೌನೇಶ ಮೊದಲು ಬಂದ. ಪರದೆ ನೋಡಿ, "ಸಖತ್ ಗುರು!" ಎಂದು ಕೂಗುತ್ತ, ಬಾಗಿಲಲ್ಲಿದ್ದ ನನ್ನ ಬ್ಯಾಗನ್ನು ದಾಟಿಕೊಂಡು ಕಂಪ್ಯೂಟರಿನ ಮುಂದೆ ಬಂದು ಕೂತ. ಅದು ಯಾಕೆ ಅಲ್ಲಿದೆ ಎಂಬುದು ಅವನಿಗೆ ಆಗಲೇ ಮರೆತಿತ್ತು.

ಹಿಂದೆ ಬಂದ ಮುತ್ತುರಾಜ ಅಲ್ಲೇ ನಿಂತ. ಬ್ಯಾಗ್ ನೋಡಿದ, ನನ್ನನ್ನು ನೋಡಿದ. ಬಗ್ಗಿ ಅದನ್ನು ಎತ್ತಿಕೊಂಡು ಬಂದು, ನನ್ನ ಮಂಚದ ಕೆಳಗೆ, ಮೊದಲಿದ್ದ ಜಾಗದಲ್ಲೇ ಇಟ್ಟ.