ಅಮ್ಮ ಎದುರು ಮನೆಗೆ ಹೋದಳು

"ದಾರ ನಲ್ಲಿ ಮೇಲೇ ಹಾಯ್ದು ಹೋಗುತ್ತಲ್ಲ ಸ್ವಾಮಿ, ಈ ನಲ್ಲಿ ಯಾರ ಪಾಲಿಗೆ?" ಎಂದು, ಅಣ್ಣತಮ್ಮಂದಿರ ಮನೆಗೆ ನಡುಗೋಡೆ ಎಬ್ಬಿಸಲು ದಾರ ಕಟ್ಟುತ್ತಿದ್ದ ಗಾರೆಯವನು ಕೇಳಿದ್ದೇ ತಡ, ಅಡುಗೆಮನೆ ರಣರಂಗವಾಯಿತು.

"ನಲ್ಲಿ ನಮಗೆ! ಇಷ್ಟು ವರ್ಷ ಅದರ ಕೆಳಗೆ ಪಾತ್ರೆ ತಿಕ್ಕಿ ಬೆರಳು ಸವೆಸಿದವಳು ನಾನು!" ಎಂದಳು ಹಿರಿಸೊಸೆ.

"ಇಟ್ಕೊಳ್ಳಿ ಅಕ್ಕ, ತಲೆ ಮೇಲೆ ಹೊತ್ಕೊಳ್ಳಿ! ಹೊಳೆ ಕಡೆ ಕಿಟಕಿ ಮಾತ್ರ ನಮ್ಮದು," ಎಂದು ಕಂಕುಳಲ್ಲಿದ್ದ ಮಗುವನ್ನು ಮೇಲಕ್ಕೆ ಸರಿಸಿಕೊಂಡಳು ಕಿರಿಸೊಸೆ.

ಎಲ್ಲಕ್ಕೂ ಮೂಲ ಆ ಕಿಟಕಿಯೇ. ಹೊಳೆಗೆ ಹೊಸ ಸೇತುವೆಯಾದ ಮೇಲೆ ನಗರ ಸದ್ದಿಲ್ಲದೆ ಅದನ್ನು ದಾಟಿ ಈ ದಡಕ್ಕೆ ಬಂದು ಕೂತಿತ್ತು. ಜೊಂಡು ಬೆಳೆಯುತ್ತಿದ್ದ ಕೆಸರಿನಲ್ಲಿ ಏಳಂತಸ್ತಿನ ಕಟ್ಟಡಗಳು ಎದ್ದವು. ನೀರು ಕಾಣುವ ಕಿಟಕಿಗೆ ಚಿನ್ನದ ಬೆಲೆ ಬಂತು. ದೋಣಿ ರಿಪೇರಿ ಮಾಡುವ ಅಣ್ಣ, ಗೋಡೆಗೆ ಬಣ್ಣ ಹೊಡೆಯುವ ತಮ್ಮ ಅದುವರೆಗೆ ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಓಡಾಡಿದವರು. ಈಗ ಒಬ್ಬರ ಮುಖ ಒಬ್ಬರು ನೋಡದೆ ದಾರದ ಆಚೆ ಈಚೆ ನಿಂತಿದ್ದರು.

ಗಾರೆಯವನು ತಲೆ ಕೆರೆದುಕೊಂಡ. "ಅದೆಲ್ಲ ಸರಿ... ಅಮ್ಮ ಯಾವ ಕಡೆ?"

ಹಿರಿಯ ಮಗ ದಾರದ ಗಂಟು ಸರಿಮಾಡುತ್ತಾ, "ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ..." ಎಂದ.

ಮೂಲೆಯಲ್ಲಿ ಕೂತಿದ್ದ ತಾಯಿಯ ಎದೆಗೆ ಆ ಮಾತು ಈಟಿಯಂತೆ ನಾಟಿತು. ಆದರೂ ಅಳಲಿಲ್ಲ. "ನಾನೇನು ಗ್ಯಾಸ್ ಸಿಲಿಂಡರ್ರೇನೋ, ಆ ಕಡೆ ಈ ಕಡೆ ಉರುಳಿಸೋಕೆ? ಗೋಡೆ ಕಟ್ಕೊಳ್ಳಿ. ನಾನು ಎರಡು ಕಡೆಗೂ ಇಲ್ಲ!" ಎಂದು ಎದ್ದಳು.

ಎದುರಿನ ಕಟ್ಟಡದಲ್ಲಿ ಗಂಡ ಹೆಂಡತಿ ಇಬ್ಬರೂ ಸೇತುವೆಯಾಚೆ ಕೆಲಸಕ್ಕೆ ಹೋಗುವವರೇ ಹೆಚ್ಚು. "ನಮ್ಮ ಮಕ್ಕಳನ್ನು ಹಗಲು ನೋಡ್ಕೊಳ್ಳಿ ಅಮ್ಮ, ಕೆಳಗಿನ ಕೋಣೆ ಕೊಡ್ತೀವಿ," ಎಂದು ಅವರು ಬಹಳ ದಿನದಿಂದ ಗೋಗರೆಯುತ್ತಿದ್ದರು. ತಾಯಿ ಅಂದೇ ಸಂಜೆ ಹಾಸಿಗೆ ಸುತ್ತಿಕೊಂಡು ರಸ್ತೆ ದಾಟಿದಳು. ವಾರ ಕಳೆಯುವಷ್ಟರಲ್ಲಿ ಆ ಕೋಣೆ ಗುಬ್ಬಚ್ಚಿ ಗೂಡಾಯಿತು. ಒಬ್ಬ ಬೆನ್ನೇರಿದರೆ ಇನ್ನೊಬ್ಬಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಹಳೇ ಮನೆಯಲ್ಲಿ ಗೋಡೆ ಎದ್ದಿತು, ಮಾತು ನಿಂತಿತು.

ಹೆರಿಗೆ ರಜೆ ಮುಗಿದು ಬಟ್ಟೆ ಕಾರ್ಖಾನೆಗೆ ಮರಳಬೇಕಾದಾಗ ಕಿರಿಸೊಸೆ ಮಗುವನ್ನೆತ್ತಿಕೊಂಡು ಅತ್ತೆಯ ಬಾಗಿಲಿಗೆ ಬಂದಳು. ತಲೆ ಎತ್ತಲು ಮುಖವಿಲ್ಲ. "ಅತ್ತೆ... ಇವಳನ್ನೂ ನೋಡ್ಕೊಳ್ತೀರಾ?"

"ನೋಡ್ಕೊಳ್ದೆ ಏನು? ಆದರೆ ಒಂದು ಷರತ್ತು. ಬೆಳಿಗ್ಗೆ ನೀನು ಬಿಡು. ಸಂಜೆ ನಿನ್ನ ವಾರಗಿತ್ತಿ ಬಂದು ಕರ್ಕೊಂಡು ಹೋಗಬೇಕು. ಬೇರೆ ಯಾರ ಕೈಗೂ ಕೊಡಲ್ಲ."

"ಅಕ್ಕ ಒಪ್ತಾರಾ! ನನ್ನ ನೆರಳು ಕಂಡರೆ ಆಗಲ್ಲ ಅವರಿಗೆ."

"ಕೇಳಿ ನೋಡು. ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ?"

ಕೇಳಿದಳು. ಹಿರಿಸೊಸೆ ಪಾತ್ರೆ ತಿಕ್ಕುತ್ತಲೇ ಇದ್ದಳು. ಆದರೆ ಸಂಜೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಳು. ಅವಳ ನಾಲಿಗೆ ಚೂಪು ಎಂದು ಬೀದಿಗೆಲ್ಲ ಗೊತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಬರಿದಾಗಿದ್ದ ಮಡಿಲಿನ ಉರಿಯೇ ಆ ನಾಲಿಗೆಯಲ್ಲಿ ಕಿಡಿಯಾಗುತ್ತಿತ್ತು ಎಂಬುದು ಅತ್ತೆಗೆ ಮಾತ್ರ ಗೊತ್ತು. ಮೊದಮೊದಲು ಮಗುವನ್ನು ಗಾಜಿನ ಬುಡ್ಡಿಯಂತೆ ಹಿಡಿದು ನಡೆಯುತ್ತಿದ್ದವಳು, ಬರಬರುತ್ತಾ ಹೊಳೆದಂಡೆಯ ಮೇಲೆ ಸುತ್ತಾಡಿಸಿ, ಕ್ರೇನು ತೋರಿಸಿ, ದೋಣಿ ತೋರಿಸಿ, ಕತ್ತಲಾಗುವ ಹೊತ್ತಿಗೆ ಮನೆ ಸೇರತೊಡಗಿದಳು. "ಇವತ್ತು ಹಾಲು ಕಕ್ಕಿದಳು," "ಹಲ್ಲು ಬರ್ತಿದೆ ಕಣೇ" ಎಂದು ವಾರಗಿತ್ತಿಯರ ನಡುವೆ ನಾಲ್ಕು ಮಾತು ಹುಟ್ಟಿತು.

ಒಂದು ಸಂಜೆ ಕಾರ್ಖಾನೆ ಬೇಗ ಬಿಟ್ಟು ಕಿರಿಯಳೂ ಅತ್ತೆಯ ಕೋಣೆಗೆ ಬಂದಳು. ಅದೇ ಹೊತ್ತಿಗೆ ಹಿರಿಯಳು ಒಳಗೆ ಕಾಲಿಟ್ಟಳು. ಮಗು ಹೆತ್ತವಳನ್ನು ದಾಟಿ, ಅಂಬೆಗಾಲಿಟ್ಟು ದೊಡ್ಡಮ್ಮನ ಕಡೆಗೆ ಹೋಗಿ, ಅವಳ ಕಾಲ ಬಳಿ ಕೂತು ಎರಡೂ ಕೈ ಚಾಚಿತು. "ಅಮ್ಮ!" ಎಂದಿತು. ಅದರ ಬಾಯಿಂದ ಬಂದ ಮೊಟ್ಟಮೊದಲ ಮಾತು!

ಕಿರಿಯಳ ಮುಖ ಬಿಳಿಚಿತು. ಹಿರಿಯಳು ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಹಿಂದಕ್ಕೆ ಸರಿದಳು. "ನಾನು ಹೇಳಿಕೊಟ್ಟಿಲ್ಲ... ಆಣೆ ಮಾಡಿ ಹೇಳ್ತೀನಿ, ನಾನು ಹೇಳಿಕೊಟ್ಟಿಲ್ಲ ಕಣೇ! ನಾಳೆಯಿಂದ ಬರಲ್ಲ ನಾನು..." ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಕಿರಿಯಳು ಮಗುವನ್ನು ಹಿಂದಕ್ಕೆ ಎಳೆದುಕೊಳ್ಳಲು ಬಾಗಿದಳು. ತನಗೆ ಸಿಗಬೇಕಾಗಿದ್ದ ಆ ಮಾತು! ಆದರೆ ಎದುರಿಗೆ ಸೆರಗು ಒತ್ತಿಕೊಂಡಿದ್ದ ಆ ಕೈಗಳನ್ನು ಕಂಡಾಗ... ಮಗುವನ್ನೆತ್ತಿ ಆ ಕೈಗಳಲ್ಲೇ ಇಟ್ಟಳು.

"ಕರೀಲಿ ಬಿಡಿ ಅಕ್ಕ. ಒಂದು ಬಾಯಿಗೆ ಇಬ್ಬರು ಅಮ್ಮಂದಿರು ಹೆಚ್ಚಾ? ರಾತ್ರಿ ಎದ್ದು ಕೂಗಿದಾಗಲೂ ನೀವೇ ಬರಬೇಕು ಮತ್ತೆ!"

ಹಿರಿಯಳು ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಡುವೆ ಸಿಕ್ಕ ಮಗು ಉಸಿರುಕಟ್ಟಿ ಕಿರುಚಿತು.

ಆಮೇಲೆ ಗಂಡಂದಿರ ಪಾಡು ಕೇಳಬೇಕೇ? "ರಾತ್ರಿ ಮಗು ಅತ್ತರೆ ಬೀದಿ ಸುತ್ತಿ ಬರಬೇಕಾ ನಾನು?" ಎಂದು ಹಿರಿಯಳು ಆ ಕಡೆಯಿಂದ, "ಗೋಡೆಯಲ್ಲಿ ಬಾಗಿಲು ಒಡೀತೀರೋ, ನಾನೇ ಒಡೀಲೋ?" ಎಂದು ಕಿರಿಯಳು ಈ ಕಡೆಯಿಂದ. ಅಣ್ಣತಮ್ಮಂದಿರು ಸುತ್ತಿಗೆ ಹಿಡಿದು ಎರಡು ಕಡೆಯಿಂದಲೂ ಗೋಡೆ ಬಡಿದರು. ತೂತಿನಲ್ಲಿ ಮೊದಲು ಕಂಡದ್ದು ಧೂಳು ಮೆತ್ತಿದ ಒಬ್ಬರ ಮೂತಿ ಒಬ್ಬರಿಗೆ. ಎಷ್ಟೋ ದಿನದ ನಗು ಒಟ್ಟಿಗೇ ಬಂತು.

ಆ ಧೂಳುಮೂತಿಯಲ್ಲೇ ತಾಯಿಯ ಬಳಿಗೆ ಓಡಿದರು. ಹಿರಿಯ ಕಾಲು ಹಿಡಿದುಕೊಂಡ. "ತಪ್ಪಾಯ್ತಮ್ಮ... ಮನೆಗೆ ಬಾ. ಯಾವ ಕಡೆಯೂ ಇಲ್ಲ ಈಗ, ಎಲ್ಲಾ ಒಂದೇ."

ತಾಯಿ ಇಬ್ಬರ ತಲೆಯ ಸಿಮೆಂಟಿನ ಪುಡಿ ಕೊಡವಿದಳು. ಕಣ್ಣು ತುಂಬಿ ಬಂದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಬರ್ತೀನಿ ಕಣ್ರೋ. ರಜೆ ದಿನ ಊಟಕ್ಕೆ ಕರೀರಿ, ನೆಂಟಳಾಗಿ ಬಂದು ಹೊಟ್ಟೆ ತುಂಬ ಉಣ್ತೀನಿ. ಸಂಜೆ ನನ್ನ ಮನೆಗೆ ಹೊರಟುಬಿಡ್ತೀನಿ."

"ನಿನ್ನ ಮನೆ?" ಎಂದ ಕಿರಿಯ.

"ಹೂಂ. ಮೊದಲು ಅಪ್ಪನ ಮನೆ, ಆಮೇಲೆ ಗಂಡನ ಮನೆ, ಆಮೇಲೆ ನಿಮ್ಮ ಮನೆ. ಇದೊಂದು ಮಾತ್ರ ನನ್ನದು. ಕಿತ್ಕೋಬೇಡಿ."

ಒಳಗೆ ಯಾವುದೋ ಮಗು ಎಚ್ಚರಗೊಂಡು ರಾಗ ತೆಗೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

"ಬಂದವರು ಸುಮ್ಮನೆ ಕಂಬದ ಹಾಗೆ ನಿಲ್ಲಬೇಡಿ," ಎಂದಳು ತಾಯಿ. "ಕೈ ತೊಳ್ಕೊಂಡು ಬಂದು ತಲಾ ಒಂದೊಂದು ಎತ್ಕೊಳ್ಳಿ!"