ಹಾಡಿನ ನಡುವೆ ಬಂದ ದನಿ

"ನಾ ಆ ಮಾತ ಆಡಿಲ್ರೀ ಬಾನು ಅಕ್ಕಾರ. ಆಡಿದ್ದರ ನನ್ನ ನಾಲಿಗಿ ಬಿದ್ದು ಹೋಗ್ಲಿ!"

ಹುಲಿಗೆಮ್ಮ ಕುರ್ಚಿಯಲ್ಲಿ ಕೂರಲೂ ಇಲ್ಲ. ಗಡಿಯಾಚೆಯ ಈ ಸಾವರ್ಡೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರಿಗೆಲ್ಲ ಹಿರಿಯಕ್ಕನಂತಿದ್ದವಳು ಅವಳು. ಈಗ ಅವಳು ನಳದ ಹತ್ತಿರ ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಕೇಳಿ ನನಗೆ ಮೈ ಉರಿಯಿತು.

ಅಖ್ತರಬಾನು ಪೊಲೀಸ್ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾದವರು. ಊರಿನಲ್ಲಿ ಬಗೆಹರಿಯದ್ದೇನಿದ್ದರೂ ಜನ ಅವರ ಬಾಗಿಲಿಗೆ ಬರುತ್ತಿದ್ದರು. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಶಿಕ್ಷಕಿ ಮಂಗಲಾ ಎಂಬ ನಾನು ಅವರ ಎಲ್ಲ ತನಿಖೆಗೂ ಜೊತೆಗಾತಿ.

ನಡೆದದ್ದಿಷ್ಟು. ಇಲ್ಲಿನ ಕನ್ನಡಿಗರು ಮೊಬೈಲಿನಲ್ಲಿ ಕೇಳುವ ಪುಟ್ಟ ರೇಡಿಯೋ ಒಂದಿತ್ತು. ಗೋಡೆ ಕಟ್ಟುವಾಗ ಕಾಲೂರಿ ನಿಂತಿದ್ದ ಸಾರುವೆ ಕುಸಿದು ಸತ್ತ ಗೌಂಡಿ ಯಮನೂರನ ಬಗ್ಗೆ ಭಾನುವಾರ ಅದರಲ್ಲಿ ನೇರ ಚರ್ಚೆಯಿತ್ತು. ಸಾವನ್ನು ಕಣ್ಣಾರೆ ಕಂಡ ಹುಲಿಗೆಮ್ಮ ಒಂದು ಕಡೆ, ಗುತ್ತಿಗೆದಾರನ ಮೇಸ್ತ್ರಿ ಶಂಕರಲಿಂಗ ಇನ್ನೊಂದು ಕಡೆ, ನಡೆಸಿಕೊಟ್ಟವನು ರವಿಕುಮಾರ. ನಡುವೆ ಹಾಡೊಂದನ್ನು ಹಾಕಿದರು. ಆ ಹಾಡಿನ ಮೇಲೆಯೇ ಹುಲಿಗೆಮ್ಮನ ದನಿ ಊರಿಗೆಲ್ಲ ಕೇಳಿಸಿತ್ತು: "ಯಮನೂರ ಕುಡದಿದ್ದ. ತನ್ನ ತಪ್ಪಿನಿಂದಾನ ಸತ್ತ."

ಮೈಕು ಬಂದ್ ಆಗಿದೆಯೆಂದು ತಿಳಿದು ಮನಸ್ಸಿನಲ್ಲಿದ್ದದ್ದನ್ನು ಆಡಿಬಿಟ್ಟಳು ಎಂದರು ಜನ. ಯಮನೂರನ ಹೆಂಡತಿ ಶಿವವ್ವ ಅವಳ ಮುಖಕ್ಕೇ ಬಾಗಿಲು ಹಾಕಿದ್ದಳು. ಮುಂದಿನ ವಾರ ಕಾರ್ಮಿಕ ಅಧಿಕಾರಿಯ ವಿಚಾರಣೆ. ಅಲ್ಲಿ ಇನ್ನು ಇವಳ ಸಾಕ್ಷಿಯನ್ನು ನಂಬುವವರು ಯಾರು?

"ಆ ದನಿ ನಿಮಗೆ ಕೋಣೆಯಲ್ಲಿ ಕೇಳಿಸಲಿಲ್ಲವೇ?" ಎಂದರು ಅಖ್ತರಬಾನು.

"ಇಲ್ರಿ. ಮೈಕ್ ಇದ್ದಲ್ಲೆ ಸ್ಪೀಕರ್ ಹಚ್ಚೂದಿಲ್ಲ, ಕಿರಿಚತೈತಿ ಅಂತ. ಹಾಡೂ ನಮಗ ಕೇಳಿಸಿಲ್ಲ. ಹೆಡ್‌ಫೋನ್ ಒಂದ ಇತ್ತು, ರವಿಕುಮಾರನ ಕಿವಿಗೆ. ಮಿಷನ್ ನೋಡೂ ಪರ್ವೇಜನ್ನ ಅಂವ ಚಾ ತರಾಕ ಕಳಿಸಿದ್ದ."

"ಅದಕ್ಕೂ ಮೊದಲು ಅಲ್ಲಿಗೆ ಹೋಗಿದ್ದಿರಾ?"

"ಹಿಂದಿನ ದಿನ ಹೋಗಿದ್ನಿ. ಮೈಕ್ ಪರೀಕ್ಷೆ ಮಾಡೂಣು, ಏನಾರ ಮಾತಾಡಕ್ಕಾ ಅಂದ್ರು. ಗುತ್ತಿಗೆದಾರ ಏನೇನ ಸುಳ್ಳ ಹಬ್ಬಸ್ಯಾನ ಅಂತ ಹೇಳಿ, ಬೈದು ಬಂದೆ. ರವಿಕುಮಾರ, ಪರ್ವೇಜ ಇಬ್ಬರ ಇದ್ರು."

ನಾವು ಮೊದಲು ಕಂಡದ್ದು ರವಿಕುಮಾರನನ್ನು. ಇಸ್ತ್ರಿ ಮಾಡಿದ ಅಂಗಿ, ತೂಕದ ಮಾತು.

"ಜನರ ಫೋನ್ ಬಂದ ಮ್ಯಾಲನ ನನಗ ಗೊತ್ತಾತ್ರಿ ಮೇಡಮ್. ಪರ್ವೇಜ ಮೈಕ್ ಬಂದ್ ಮಾಡದ ಹ್ವಾದ. ಅವನ್ನ ಕೆಲಸದಿಂದ ತಗದೇವಿ."

"ಹಾಡು ನಡೆದಾಗ ನೀವೇನು ಮಾಡುತ್ತಿದ್ದಿರಿ?"

"ಹೆಡ್‌ಫೋನಿನ್ಯಾಗ ಅದನ್ನ ಕೇಳಕೋತ ಕುಂತಿದ್ನಿ. ಮುಗದ ಕೂಡ್ಲೆ ಮಾತ ಶುರು ಮಾಡಬೇಕಲ್ರಿ?"

ಅಲ್ಲಿಂದ ಪರ್ವೇಜನ ಮನೆಗೆ ಹೋದೆವು. ಅವನು ಬಾಗಿಲಲ್ಲೇ ಸಿಟ್ಟಿನಿಂದ ಮಾತಿಗೆ ತೊಡಗಿದ.

"ಖರೇ ಹೇಳ್ತೇನ್ರಿ, ಮೂರೂ ಮೈಕ್ ಬಂದ್ ಮಾಡೇ ಹೋಗಿದ್ನಿ. ನನ್ನ ಮಾತ ಕೇಳವರ ಇಲ್ಲ!"

"ನಾನು ಕೇಳುತ್ತೇನೆ. ಮೈಕುಗಳನ್ನು ಹೇಗೆ ಜೋಡಿಸಿದ್ದೆ?"

"ಎಲ್ಲಾ ವಾಯರೂ, ದನಿ ಕಂಪ್ಯೂಟರಿಗೆ ಒಯ್ಯೂ ಆಡಿಯೋ ಇಂಟರ್ಫೇಸ್ ಪೆಟಗಿಗೆ ಬರ್ತಾವ. ಒಂದನೇ ದಾರಿ ಹುಲಿಗೆಮ್ಮಕ್ಕಂದು, ಎರಡನೇದು ರವಿಕುಮಾರಣ್ಣಂದು, ಮೂರನೇದು ಶಂಕರಲಿಂಗಣ್ಣಂದು. ಕಂಪ್ಯೂಟರಿನ್ಯಾಗ ಹಚ್ಚಿದ ಹಾಡು ನಾಕನೇ ದಾರೀಲೆ ಹೋಗತೈತಿ. ಮದಲ ಎಲ್ಲಾ ಕೂಡಿ ಒಂದ ರೆಕಾರ್ಡ್ ಆಗ್ತಿತ್ತು. ಭಾನುವಾರ ಮುಂಜಾನಿ ನಾ ಸೆಟಿಂಗ್ ಬದಲಿ ಮಾಡಿ, ನಾಕೂ ಬ್ಯಾರೆ ಬ್ಯಾರೆ ಉಳಿಯೂಹಂಗ ಮಾಡಿದ್ನಿ. ಮೈಕ್ ಬಂದ್ ಇದ್ರ ದನಿ ಹೊರಗ ಹೋಗೂದಿಲ್ಲ, ಆದ್ರ ರೆಕಾರ್ಡ್ ಮಾತ್ರ ಆಗೇ ಆಗತೈತಿ."

"ರವಿಕುಮಾರನಿಗೆ ಇದು ಗೊತ್ತೇ?"

"ಹೇಳೂದ್ರಾಗ ನನ್ನ ಹೊರಗ ಹಾಕಿದ್ರಲ್ರಿ."

ಮರುದಿನ ಅಖ್ತರಬಾನು ಪರ್ವೇಜನೊಂದಿಗೆ ಆ ರೆಕಾರ್ಡುಗಳನ್ನು ಕೇಳಿ ನೋಡಿ, ಎಲ್ಲರನ್ನೂ ರೇಡಿಯೋ ಕೋಣೆಗೇ ಕರೆಸಿದರು. ಶಿವವ್ವ ಬಾಗಿಲ ಬಳಿ, ಹುಲಿಗೆಮ್ಮನಿಗೆ ಬೆನ್ನು ಮಾಡಿ ಕುಳಿತಳು. ಪರ್ವೇಜ ಕಂಪ್ಯೂಟರಿನ ಮುಂದೆ ಕುಳಿತ.

"ಹುಲಿಗೆಮ್ಮನ ದನಿ ಅವಳ ಮೈಕಿನಿಂದ ಬಂದಿದ್ದರೆ ಒಂದನೇ ದಾರಿಯಲ್ಲಿರಬೇಕು," ಎಂದರು ಅಖ್ತರಬಾನು. "ಆದರೆ ಅದು ಸಿಕ್ಕಿದ್ದು ನಾಲ್ಕನೆಯದರಲ್ಲಿ. ಹಾಕು, ಪರ್ವೇಜ."

ಹಾಡು ಮೊಳಗಿತು; ಅದರೊಂದಿಗೇ ಆ ಕೆಟ್ಟ ಮಾತು.

"ಇದು ಬಾಯಿಂದ ಬಂದದ್ದಲ್ಲ. ಕಂಪ್ಯೂಟರಿನಿಂದ ಹಾಡಿನ ಜೊತೆ ಹಚ್ಚಿದ್ದು. ಹಿಂದಿನ ದಿನ ಅವಳು ಆಡಿದ್ದು ಇಷ್ಟು: ಯಮನೂರ ಕುಡಿದಿದ್ದ, ತನ್ನ ತಪ್ಪಿನಿಂದ ಸತ್ತ ಎಂದು ಗುತ್ತಿಗೆದಾರ ಸುಳ್ಳು ಹೇಳುತ್ತಿದ್ದಾನೆ. ಬಾಲವನ್ನು ಕತ್ತರಿಸಿ ತಲೆಯನ್ನಷ್ಟೇ ಉಳಿಸಿಕೊಂಡರು. ಆ ದಿನ ಅವಳ ಜೊತೆ ಇಲ್ಲಿದ್ದವರು ರವಿಕುಮಾರ, ಪರ್ವೇಜ ಇಬ್ಬರೇ. ಶಂಕರಲಿಂಗ ಇರಲಿಲ್ಲ."

"ಮಿಷನ್ ಗೊತ್ತಿದ್ದಾಂವ ಪರ್ವೇಜ ಒಬ್ಬನ!" ಎಂದ ರವಿಕುಮಾರ.

"ಪರ್ವೇಜ ಮಾಡಿಟ್ಟು ಹೋಗಿದ್ದರೆ ಅದು ಮೊದಲು ಕೇಳಬೇಕಾದದ್ದು ನಿಮ್ಮ ಕಿವಿಗೆ. ಹಾಡನ್ನು ಕೇಳುತ್ತ ಕುಳಿತಿದ್ದೆ ಎಂದಿರಿ. ಅದರ ಕೊನೆಯ ಸ್ವರ ನಿಂತ ಕ್ಷಣವೇ ನಿಮ್ಮ ಮಾತು ಶುರುವಾಗಿದೆ, ಎರಡನೇ ದಾರಿಯಲ್ಲಿದೆ. ಹಾಡು ಕೇಳಿಸಿತು, ಅದರ ಮೇಲಿನ ಮಾತು ಕೇಳಿಸಲಿಲ್ಲವೇ? ನೀವು ಬೆಚ್ಚಲಿಲ್ಲ, ನಿಲ್ಲಿಸಲೂ ಇಲ್ಲ. ಏಕೆಂದರೆ ಪರ್ವೇಜನನ್ನು ಚಹಾಕ್ಕೆ ಕಳಿಸಿ ಅದನ್ನು ಹಚ್ಚಿದವರು ನೀವೇ."

ರವಿಕುಮಾರ ತಲೆ ತಗ್ಗಿಸಿದ. "ಗುತ್ತಿಗೆದಾರ ತನ್ನ ಆಫೀಸಿನ್ಯಾಗ ಕೆಲಸ ಕೊಡ್ತೇನಿ ಅಂದಿದ್ದ..."

"ಒಂದು ಕೆಲಸಕ್ಕಾಗಿ!" ನನಗೆ ತಡೆಯಲಾಗಲಿಲ್ಲ. "ಸತ್ತವನ ಮೇಲೆ ಕಳಂಕ, ಬದುಕಿದ್ದವಳ ಬಾಯಲ್ಲಿ ಸುಳ್ಳು!"

"ಹಾಡು ನಡೆದಾಗ ಹುಲಿಗೆಮ್ಮ ನಿಜವಾಗಿ ಏನು ಹೇಳುತ್ತಿದ್ದಳು ಎಂಬುದೂ ಇದೆ," ಎಂದರು ಅಖ್ತರಬಾನು.

ಪರ್ವೇಜ ಒಂದನೆಯದನ್ನು ಹಾಕಿದ. ಮೆಲ್ಲಗಿನ ಮಾತು: "ಶಂಕರಲಿಂಗಪ್ಪಾ, ಶಿವವ್ವ ಫೋನಿನ ಮುಂದ ಕುಂತಿರ್ತಾಳ. ಅಂವ ಕುಡದಿದ್ದ ಅಂತ ನೀ ಅನಬ್ಯಾಡ, ಆಕಿ ಕೂಳ ಬಿಟ್ಟಾಳ. ಸಾರುವಿ ಸಡ್ಲಿತ್ತು ಅಂತ ನಿನಗೂ ಗೊತ್ತೈತೆಲ್ಲ?" ಮೂರನೆಯದರಲ್ಲಿ ಶಂಕರಲಿಂಗನ ಉತ್ತರವಿತ್ತು: "ಗೊತ್ತೈತಿ ಯವ್ವಾ. ಬಾಯಿ ಬರವಲ್ದು."

ಶಂಕರಲಿಂಗ ಎದ್ದು ನಿಂತ. "ಇನ್ನ ಮುಚ್ಚೂದೇನೈತಿ? ವಿಚಾರಣಿ ಸಾಯಬ್ರ ಮುಂದೂ ಹೇಳ್ತೇನಿ."

ರವಿಕುಮಾರ ತಪ್ಪೊಪ್ಪಿಗೆ ಬರೆದುಕೊಡುತ್ತೇನೆಂದ. ಹುಲಿಗೆಮ್ಮ ಸಿಡಿದಳು: "ಬರಿಯೂದ ಬ್ಯಾಡ. ಊರ ಮಂದಿ ಕಿವೀಲೆ ಕೇಳ್ಯಾರ, ಕಿವೀಲೇನ ಕೇಳ್ಲಿ. ಪರ್ವೇಜಾ, ಮೈಕ್ ಚಾಲೂ ಮಾಡೋ!"

ಪರ್ವೇಜ ನೇರ ಪ್ರಸಾರ ಆರಂಭಿಸಿದ. ರವಿಕುಮಾರ ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡ. ಸಾರುವೆಯ ಸಂಗತಿಯನ್ನು ಶಂಕರಲಿಂಗ ಹೇಳಿದ. ಆಗ ಶಿವವ್ವ ಎದ್ದು ಬಂದು ಹುಲಿಗೆಮ್ಮನ ಪಕ್ಕದಲ್ಲಿ ಕುಳಿತು, ಅವಳ ಕೈ ಹಿಡಿದುಕೊಂಡಳು. ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು:

"ನನ್ನ ಗಂಡನ ಹೆಸರ ಯಮನೂರ. ಅಂವ ಕುಡದಿದ್ದಿಲ್ಲ."